ಶಹಾಡ್‌ನ ಸಿಂಧಿ ಕಢಿ, ನ್ಯೂಜೆರ್ಸಿಯ ಟರ್ಕಿ ಗ್ರೇವಿ

ಈ ವಾರದ ಮಾತು ಗ್ರೇವಿಯ ಇತಿಹಾಸದ ಬಗ್ಗೆ. ನಗಬೇಡಿ. ಕೋಟೆ, ಶಾಸನ, ಬಂದರು ಅಂತ ಮಾತಾಡೋ ಚಾನೆಲ್‌ಗೆ ಗ್ರೇವಿ ಎಲ್ಲಿಂದ ಬಂತು ಅಂತ ನನ್ನ ಹೆಂಡತಿಯೂ ಕೇಳಿದಳು. ವಿಡಿಯೋದಲ್ಲಿ ಅವಸರವಾಗಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಅಲ್ಲಿ ಬಿಟ್ಟುಹೋದ ಅಳತೆಗಳೂ ಇಲ್ಲಿವೆ.

ಕಳೆದ ನವೆಂಬರ್‌ನ ನಾಲ್ಕನೇ ಗುರುವಾರ, ಅಂದರೆ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ದಿನ. ನಮ್ಮಲ್ಲಿ ಆಗಲೇ ಶುಕ್ರವಾರ ಹುಟ್ಟಿ ಒಂದೂವರೆ ಗಂಟೆಯಾಗಿತ್ತು. ತಂಗಿಯ ವಿಡಿಯೋ ಕಾಲ್ ಬಂತು. ಅವಳಿರೋದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಅಲ್ಲಿ ಮಧ್ಯಾಹ್ನ ಮೂರು. ಹನ್ನೊಂದು ಜನ ಊಟಕ್ಕೆ ಬರುವವರಿದ್ದರು: ಗಂಡನ ಆಫೀಸಿನವರು, ಬೆಂಗಳೂರಿನಿಂದ ಬಂದಿದ್ದ ಅತ್ತೆ ಮಾವ, ಪಕ್ಕದ ಮನೆಯವರು. ಆರು ಕಿಲೋದ ಟರ್ಕಿ ಕೋಳಿ ಓವನ್‌ನಲ್ಲಿ ಚೆನ್ನಾಗಿಯೇ ಬೆಂದಿತ್ತು. ಕೆಟ್ಟಿದ್ದು ಗ್ರೇವಿ. ಪಾತ್ರೆಯ ಮೇಲೆ ಫೋನ್ ಹಿಡಿದು ತೋರಿಸಿದಳು. ತಿಳಿ ನೀರು, ಅದರಲ್ಲಿ ಕಡಲೆಕಾಳಿನಷ್ಟು ದಪ್ಪದ ಬಿಳಿ ಗಂಟುಗಳು ತೇಲ್ತಾ ಇವೆ.

"ಅಣ್ಣ, ಅಪ್ಪಯ್ಯ ಎದ್ದಿದ್ದಾರಾ?" ಅಂತ ಕೇಳಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಅಪ್ಪಯ್ಯ 1979ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಕುಂದಾಪುರದ ಕಡೆಯಿಂದ ಬಸ್ ಹತ್ತಿ ಮುಂಬೈಗೆ ಬಂದವರು. ಮೊದಲು ಮೋರಿಯಲ್ಲಿ ತಟ್ಟೆ ತೊಳೆದರು, ಆಮೇಲೆ ಕಲ್ಲಿನಲ್ಲಿ ಅರೆದರು, ಆಮೇಲೆ ಭಂಡಾರಿಯಾದರು. ಮುಂಬೈ ಹೋಟೆಲ್‌ಗಳಲ್ಲಿ ಅಡುಗೆಯವನಿಗೆ ನಮ್ಮವರು ಭಂಡಾರಿ ಅಂತಲೇ ಹೇಳೋದು. ಕೊನೆಯ ಇಪ್ಪತ್ತು ಚಿಲ್ಲರೆ ವರ್ಷ ಇಲ್ಲೇ ಶಹಾಡ್ ಸ್ಟೇಷನ್ ಹತ್ತಿರದ ಒಂದು ಹೋಟೆಲ್‌ನಲ್ಲಿದ್ದರು. ಆದರೆ ನಾನು ಎಂಟೆಕ್ ಅರ್ಜಿಯಲ್ಲಿ ತಂದೆಯ ಉದ್ಯೋಗ ಅನ್ನೋ ಜಾಗದಲ್ಲಿ 'ಬಿಸಿನೆಸ್' ಅಂತ ಬರೆದಿದ್ದೆ. ತಂಗಿ ಮದುವೆ ಮಾತುಕತೆಯಲ್ಲಿ 'ಹೋಟೆಲ್ ಬಿಸಿನೆಸ್' ಅಂದಿದ್ದಳು. ಎರಡೂ ಪೂರ್ತಿ ಸುಳ್ಳಲ್ಲ ಅಂತ ನಾವಿಬ್ಬರೂ ಸಮಾಧಾನ ಮಾಡಿಕೊಂಡಿದ್ದೆವು. ಅಪ್ಪಯ್ಯ ಅದರ ಬಗ್ಗೆ ಯಾವತ್ತೂ ಮಾತಾಡಿದವರಲ್ಲ.

ಎರಡು ವರ್ಷದ ಹಿಂದೆ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಸರಿಯಾಗಿ ಏಳೋದಿಲ್ಲ. ಮಾತು ಬರುತ್ತೆ, ಆದರೆ ಒಂದೊಂದೇ ಶಬ್ದ, ಹುಡುಕಿ ಹುಡುಕಿ. ಎಬ್ಬಿಸಿ ಫೋನ್ ಹಿಡಿದೆ. ಕನ್ನಡಕ ಹಾಕಿಕೊಂಡು ಪಾತ್ರೆಯನ್ನು ತುಂಬಾ ಹೊತ್ತು ನೋಡಿದರು.

"ಹಿಟ್ಟ್ ಹುರ್ದ್ಯಾ?"

ಇಲ್ಲ ಅಂದಳು ತಂಗಿ. ಕುದಿಯೋ ಸಾರಿಗೆ ಮೈದಾ ಉದುರಿಸಿ ಕೈಯಾಡಿಸಿದ್ದಳಂತೆ.

"ಸೋಸ್," ಅಂದರು ಅಪ್ಪಯ್ಯ. ಆಮೇಲೆ ಬಾಯಲ್ಲಿ ಶಬ್ದ ಹುಡುಕ್ತಾ ಹುಡುಕ್ತಾ, "ಸಿಂಧಿ ಕಢಿ," ಅಂದರು.

ನನಗೆ ಅರ್ಥ ಆಗಲಿಲ್ಲ. ಟರ್ಕಿ ಕೋಳಿಗೂ ಸಿಂಧಿ ಕಢಿಗೂ ಏನು ಸಂಬಂಧ? ತಂಗಿಗೆ ಮಾತ್ರ ಆ ಕ್ಷಣದಲ್ಲೇ ಅರ್ಥವಾಯಿತು. ಇಂದಿನ ಇತಿಹಾಸ ಪೂರ್ತಿ ಆ ಎರಡು ಶಬ್ದದ ಸುತ್ತ ಇದೆ.

ಮೊದಲು ಗಂಟು ಯಾಕೆ ಆಗುತ್ತೆ ನೋಡೋಣ. ಮೈದಾದಲ್ಲಿರೋ ಪಿಷ್ಟ ಸಣ್ಣ ಸಣ್ಣ ಕಣಗಳಾಗಿರುತ್ತೆ. ನೀರಿನ ಬಿಸಿ ಸುಮಾರು 60 ಡಿಗ್ರಿ ದಾಟಿದ ಮೇಲೆ ಆ ಕಣ ನೀರು ಕುಡಿದು ಉಬ್ಬಿ ಅಂಟಾಗುತ್ತೆ. ಸಾರು ಗಟ್ಟಿಯಾಗೋದು ಇದರಿಂದ. ಒಣ ಹಿಟ್ಟಿನ ಒಂದು ಮುದ್ದೆ ಕುದಿಯೋ ನೀರಿಗೆ ಬಿದ್ದರೆ ಹೊರಗಿನ ಕಣಗಳು ಕ್ಷಣದಲ್ಲಿ ಉಬ್ಬಿ ಒಂದು ಚರ್ಮ ಕಟ್ಟಿಬಿಡ್ತವೆ. ಒಳಗೆ ಹಿಟ್ಟು ಒಣಗಿದ ಹಾಗೇ ಉಳಿಯುತ್ತೆ, ನೀರು ಒಳಗೆ ಹೋಗೋ ದಾರಿಯೇ ಮುಚ್ಚಿಹೋಗುತ್ತೆ. ಎಷ್ಟು ತಿರುವಿದರೂ ಅದು ಒಡೆಯೋದು ಕಷ್ಟ. ಆದ್ದರಿಂದ ಕಣಗಳನ್ನು ಬಿಸಿನೀರಿಗೆ ಬೀಳೋ ಮೊದಲೇ ಒಂದರಿಂದ ಒಂದನ್ನು ಬೇರೆ ಮಾಡಬೇಕು. ತಣ್ಣೀರಲ್ಲಿ ಕಲಸಿ ಹಾಕೋದು ಒಂದು ದಾರಿ, ಕಾರ್ನ್‌ಫ್ಲೋರ್‌ಗೆ ನಾವು ಮಾಡೋದು ಅದನ್ನೇ. ಕೊಬ್ಬಿನಲ್ಲಿ ಹುರಿಯೋದು ಇನ್ನೊಂದು. ಪ್ರತಿ ಕಣಕ್ಕೂ ಎಣ್ಣೆಯ ಅಂಗಿ ಹಾಕಿದ ಹಾಗೆ. ನೀರು ನಿಧಾನವಾಗಿ ಒಳಗೆ ಹೋಗುತ್ತೆ, ಕಣಗಳು ಒಂದಕ್ಕೊಂದು ಅಂಟೋದಿಲ್ಲ, ಹಸಿ ಹಿಟ್ಟಿನ ವಾಸನೆಯೂ ಹೋಗಿ ಹುರಿದ ಪರಿಮಳ ಬರುತ್ತೆ.

ನಮ್ಮ ಶಹಾಡ್‌ಗೆ ಗಂಟಿಲ್ಲದ ಗಟ್ಟಿ ದ್ರವ ಹೊಸದಲ್ಲ, ಬಿಡಿ. ಇಲ್ಲಿನ ಸೆಂಚುರಿ ರೇಯಾನ್ ಕಾರ್ಖಾನೆ 1950ರ ದಶಕದಿಂದ ನಡೀತಿರೋದೇ ಅಂಥದ್ದರ ಮೇಲೆ. ಮರದ ತಿರುಳಿನ ಸೆಲ್ಯುಲೋಸನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್ ಸೇರಿಸಿ ಜೇನಿನಂಥ ದ್ರವ ಮಾಡ್ತಾರೆ. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ಇದಕ್ಕೆ ಪೇಟೆಂಟ್ ಪಡೆದರು. ಗಟ್ಟಿಯಾಗಿ ಹರಿಯುತ್ತೆ ಅಂತಲೇ ವಿಸ್ಕೋಸ್ ಅನ್ನೋ ಹೆಸರು. ಕೂದಲಿನಷ್ಟು ಸಣ್ಣ ತೂತುಗಳಿಂದ ಹೊರಗೆ ತಳ್ಳಿ ನೂಲು ಮಾಡಬೇಕಾದ್ದರಿಂದ ಅದನ್ನು ಸೋಸೋದೇ ದೊಡ್ಡ ಕೆಲಸ. ಒಂದು ಗಂಟು ಉಳಿದರೂ ತೂತು ಕಟ್ಟಿಕೊಳ್ಳುತ್ತೆ. ಸೆಲ್ಯುಲೋಸ್ ಮತ್ತು ಪಿಷ್ಟ ಎರಡೂ ಗ್ಲೂಕೋಸಿನ ಸರಪಳಿಗಳೇ, ಕೊಂಡಿ ಹಾಕಿದ ರೀತಿ ಮಾತ್ರ ಬೇರೆ. ಆ ಕಾರ್ಖಾನೆಯ ಶಿಫ್ಟ್ ಬಿಟ್ಟ ಹೊತ್ತಿಗೆ ಅಪ್ಪಯ್ಯನ ಹೋಟೆಲ್ ತುಂಬುತ್ತಿತ್ತು.

ಈಗ ಸಿಂಧಿ ಕಢಿಗೆ ಬರೋಣ.

ಶಹಾಡ್ ಅಂದರೆ ಕಲ್ಯಾಣ್ ಬಿಟ್ಟ ಮೇಲೆ ಕಸಾರಾ ಲೈನ್‌ನ ಮೊದಲ ಸ್ಟೇಷನ್. ಇಳಿದು ಒಂದು ಕಡೆ ನಡೆದರೆ ಉಲ್ಹಾಸ್‌ನಗರದ ಕ್ಯಾಂಪ್ ನಂಬರ್ 1. ಈ 'ಕ್ಯಾಂಪ್' ಅನ್ನೋ ಹೆಸರು ಇನ್ನೂ ಉಳಿದಿದೆ, ಆಟೋದವರು ಹೇಳೋದೇ ಹಾಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಸೈನಿಕರಿಗಾಗಿ ಇಲ್ಲಿ ಕಟ್ಟಿದ ಬ್ಯಾರಕ್‌ಗಳು ಯುದ್ಧ ಮುಗಿದ ಮೇಲೆ ಖಾಲಿ ಬಿದ್ದಿದ್ದವು. 1947ರ ವಿಭಜನೆಯಲ್ಲಿ ಸಿಂಧ್ ಬಿಟ್ಟು ಬಂದವರನ್ನು ಸರ್ಕಾರ ಇಲ್ಲಿಗೆ ಕಳಿಸಿತು. ಸುಮಾರು 1 ಲಕ್ಷ ಜನ ಬಂದು ಸೇರಿದರು. ಒಂದೇ ಬ್ಯಾರಕ್‌ನೊಳಗೆ ಗೋಣಿತಾಟು, ಸೀರೆ ಅಡ್ಡ ಕಟ್ಟಿ ಹಲವು ಸಂಸಾರ. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಬಂದು ಅಡಿಗಲ್ಲು ಹಾಕಿದರು, ಪಕ್ಕದಲ್ಲಿ ಹರಿಯೋ ಉಲ್ಹಾಸ್ ನದಿಯ ಹೆಸರು ಊರಿಗೆ ಬಂತು. ಅಪ್ಪಯ್ಯ ಊರಿಗೆ ಬರೆದ ಮೊದಲ ಕಾಗದದಲ್ಲಿ 'ಕಲ್ಯಾಣದ ಹತ್ತಿರ ಇದ್ದೇನೆ' ಅಂತ ಇತ್ತಂತೆ. ಅಜ್ಜ ಅದನ್ನು ಬಸವಣ್ಣನ ಕಲ್ಯಾಣ ಅಂತಲೇ ತಿಳಿದು, ಮುಂಬೈಗೆ ಹೋದ ಹುಡುಗ ಬೀದರಿಗೆ ಯಾಕೆ ಹೋದ ಅಂತ ಊರೆಲ್ಲ ವಿಚಾರಿಸಿದ್ದರಂತೆ.

ಆ ದಿನಗಳಲ್ಲಿ ಅಪ್ಪಯ್ಯ ಕ್ಯಾಂಪ್‌ನ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಮನೆಯ ಯಜಮಾನಿಗೆ ಎಲ್ಲರೂ ದಾದಿ ಅಂತಿದ್ದರು. ಸಿಂಧ್‌ನಲ್ಲಿ ಹುಟ್ಟಿ, ಸಣ್ಣ ಹುಡುಗಿಯಾಗಿದ್ದಾಗ ಕ್ಯಾಂಪ್‌ಗೆ ಬಂದವರು. ಭಾನುವಾರ ಅವರ ಮನೆಯಲ್ಲಿ ಕಢಿ. ನಮ್ಮ ಮಜ್ಜಿಗೆ ಹುಳಿಯ ಥರ ಅಲ್ಲ ಇದು, ಮಜ್ಜಿಗೆ ಒಂದು ತೊಟ್ಟೂ ಇಲ್ಲ. ಎಣ್ಣೆಯಲ್ಲಿ ಮೆಂತ್ಯ, ಜೀರಿಗೆ ಸಿಡಿಸಿ, ಕಡಲೆಹಿಟ್ಟು ಹಾಕಿ ಸಣ್ಣ ಉರಿಯಲ್ಲಿ ಹುರೀತಾ ಕೂರೋದು. ಬಣ್ಣ ತಿರುಗಿ ಘಮ ಬರಬೇಕು. ಆಮೇಲೆ ಸ್ವಲ್ಪ ಸ್ವಲ್ಪ ನೀರು. ಆಮೇಲೆ ಹುಣಸೆ ಅಥವಾ ಕೋಕಂ, ಬೆಂಡೆಕಾಯಿ, ನುಗ್ಗೆಕಾಯಿ, ಆಲೂಗಡ್ಡೆ. ಅನ್ನದ ಜೊತೆ ಊಟ.

ಅಪ್ಪಯ್ಯನಿಗೆ ಅದು ಆಶ್ಚರ್ಯ. ನಮ್ಮ ಕರಾವಳಿ ಅಡುಗೆಯಲ್ಲಿ ಸಾರು ದಪ್ಪ ಮಾಡೋಕೆ ಹಿಟ್ಟು ಹುರಿಯೋ ಪದ್ಧತಿ ಇಲ್ಲ. ನಾವು ಅರೆಯೋರು. ತೆಂಗಿನಕಾಯಿ ಬೆಣ್ಣೆಯ ಹಾಗೆ ಅರೀಬೇಕು. ಹುಳಿಗೋ ಮಜ್ಜಿಗೆ ಪದಾರ್ಥಕ್ಕೋ ಆದರೆ ಜೊತೆಗೆ ಒಂದು ಚಮಚ ನೆನೆಸಿದ ಅಕ್ಕಿ, ಒಡೆಯದ ಹಾಗೆ ಹಿಡಿದಿಡೋಕೆ. ಅಂದರೆ ಅಲ್ಲೂ ಪಿಷ್ಟವೇ, ಆದರೆ ಕಣಗಳನ್ನು ಬೇರೆ ಮಾಡೋದು ಕಲ್ಲು. ದಾದಿಯ ಮನೆಯಲ್ಲಿ ಅದೇ ಕೆಲಸವನ್ನು ಎಣ್ಣೆ ಮಾಡ್ತಿತ್ತು. ಅಪ್ಪಯ್ಯ ಎರಡನ್ನೂ ಕಲಿತರು. ಮುಂದೆ ಹೋಟೆಲ್‌ನಲ್ಲಿ ಮಟರ್ ಪನೀರ್, ಕೋಫ್ತಾ, ಬೇಕ್ಡ್ ಡಿಶ್ ಅಂತ ಮೆನು ಬೆಳೆದಾಗ, ಕೆಂಪು ಗ್ರೇವಿ, ಬಿಳಿ ಗ್ರೇವಿ, ಹಳದಿ ಗ್ರೇವಿ ಅಂತ ಬೆಳಿಗ್ಗೆಯೇ ದೊಡ್ಡ ಪಾತ್ರೆಗಳಲ್ಲಿ ಮಾಡಿಡೋ ಕಾಲ ಬಂದಾಗ, ಈ ಎರಡು ವಿದ್ಯೆಯೂ ಅವರಿಗೆ ಕೂಡಿಬಂತು. ವೈಟ್ ಸಾಸ್ ಮಾಡೋದನ್ನು ಅವರಿಗೆ ಯಾರೂ ಕಲಿಸಲಿಲ್ಲ. 'ಕಢಿ ಹಾಗೆ, ಕಡಲೆಹಿಟ್ಟಿನ ಬದಲು ಮೈದಾ, ನೀರಿನ ಬದಲು ಹಾಲು' ಅಂತ ಅವರೇ ಲೆಕ್ಕ ಹಾಕಿಕೊಂಡರು.

ಯುರೋಪ್ ಅದೇ ಲೆಕ್ಕಕ್ಕೆ ಬಂದದ್ದು ಯಾವಾಗ? ಆ ರಾತ್ರಿ ನಿದ್ದೆ ಬರದೆ ನಾನು ಹುಡುಕಿದ್ದು ಇದನ್ನೇ.

ಇಂಗ್ಲಿಷ್‌ನ ಅತಿ ಹಳೆಯ ಅಡುಗೆ ಪುಸ್ತಕಗಳಲ್ಲಿ ಒಂದು 'ದ ಫೋರ್ಮ್ ಆಫ್ ಕ್ಯೂರಿ'. ಕ್ಯೂರಿ ಅಂದರೆ ಅಡುಗೆ. ನಮ್ಮ ಕರಿಗೂ ಅದಕ್ಕೂ ಸಂಬಂಧ ಇಲ್ಲ. ಸುಮಾರು 1390ರಲ್ಲಿ ರಾಜ ಎರಡನೇ ರಿಚರ್ಡನ ಬಾಣಸಿಗರು ಬರೆಸಿದ್ದು. ಬಾಣಸಿಗರ ಹೆಸರುಗಳು ಮಾತ್ರ ಅದರಲ್ಲಿಲ್ಲ. ಅದರಲ್ಲಿ ಮೊಲದ ಗ್ರೇವಿ ಇದೆ. ಓದಿ ನಾನು ಎದ್ದು ಕೂತೆ. ಹಿಟ್ಟಿನ ಸುದ್ದಿಯೇ ಇಲ್ಲ! ಸಿಪ್ಪೆ ತೆಗೆದ ಬಾದಾಮಿ ಅರೆದು ಮಾಂಸದ ಸಾರಿನಲ್ಲಿ ಕದಡಬೇಕು, ಶುಂಠಿಪುಡಿ, ಸಕ್ಕರೆ ಹಾಕಬೇಕು. ಅಂದರೆ ನಮ್ಮ ಹೋಟೆಲ್‌ನ ಬಿಳಿ ಗ್ರೇವಿಯ ದೂರದ ನೆಂಟ. ಗ್ರೇವಿ ಅನ್ನೋ ಪದವೇ ಹಳೆಯ ಫ್ರೆಂಚ್‌ನ 'ಗ್ರಾನೆ' ಎಂಬ ಅಡುಗೆಯ ಹೆಸರನ್ನು ಯಾರೋ 'ಗ್ರಾವೆ' ಅಂತ ತಪ್ಪು ಓದಿದ್ದರಿಂದ ಬಂದಿರಬೇಕು ಅಂತ ನಿಘಂಟುಕಾರರ ಊಹೆ. ಕೈಬರಹದಲ್ಲಿ ಆ ಎರಡು ಅಕ್ಷರ ಒಂದೇ ಥರ ಕಾಣ್ತಿದ್ದವು. ಆರು ನೂರು ವರ್ಷದಿಂದ ಸರಿಪಡಿಸದ ಟೈಪೋ. ನಮ್ಮ ಆಫೀಸಿನ ಕೋಡ್‌ನಲ್ಲೂ ಇಂಥವು ಇವೆ, ಈಗ ಮುಟ್ಟೋಕೆ ಯಾರಿಗೂ ಧೈರ್ಯ ಇಲ್ಲ.

ಬಾದಾಮಿ ಇಂಗ್ಲೆಂಡಿಗೆ ಹೊರಗಿನಿಂದ ಬರಬೇಕು, ದುಬಾರಿ. ಹಿಟ್ಟು ಎಲ್ಲರ ಮನೆಯಲ್ಲೂ ಇದೆ. 1651ರಲ್ಲಿ ಪ್ಯಾರಿಸ್‌ನಲ್ಲಿ ಲಾ ವರೆನ್ ಎಂಬ ಬಾಣಸಿಗ 'ಲ ಕ್ವಿಸಿನಿಯೇ ಫ್ರಾನ್ಸ್ವಾ' ಅನ್ನೋ ಪುಸ್ತಕ ಪ್ರಕಟಿಸಿದ. ಕೊಬ್ಬಿನಲ್ಲಿ ಹಿಟ್ಟು ಹುರಿದು ಸಾಸ್ ದಪ್ಪ ಮಾಡೋ ವಿಧಾನ ಅದರಲ್ಲಿ ಬರಹಕ್ಕೆ ಇಳಿದಿದೆ. ಇವತ್ತು ಅದಕ್ಕೆ ರೂ ಅಂತಾರೆ. ಸಿಂಧ್‌ನವರು ಇದನ್ನು ಫ್ರೆಂಚರಿಂದ ಕಲಿತರು ಅಂತಲೋ, ಅವರು ಇವರಿಂದ ಕಲಿತರು ಅಂತಲೋ ನಾನು ಹೇಳ್ತಿಲ್ಲ. ಬಾಣಲೆ, ಎಣ್ಣೆ, ಹಿಟ್ಟು ಮೂರೂ ಇರೋ ಕಡೆ ಇದು ತಾನಾಗೇ ಸಿಗುವಂಥ ವಿದ್ಯೆ. ಪುಸ್ತಕ ಬರೆದವನಿಗೆ ಇಸವಿ ಸಿಕ್ಕಿತು, ಅಷ್ಟೇ. ಕನ್ನಡದಲ್ಲೂ 16ನೇ ಶತಮಾನದ ಆರಂಭದಲ್ಲೇ ಮೂರನೇ ಮಂಗರಸ 'ಸೂಪಶಾಸ್ತ್ರ' ಬರೆದ. ಅವನು ಜೈನ, ಆದ್ದರಿಂದ ಅಲ್ಲಿ ಕೋಳಿ ಹುಡುಕಬೇಡಿ.

ಇನ್ನು ಟರ್ಕಿ ಕೋಳಿ. ಅದು ಟರ್ಕಿ ದೇಶದ್ದಲ್ಲ. ಮೆಕ್ಸಿಕೋದ ಜನ ಎರಡು ಸಾವಿರ ವರ್ಷದ ಹಿಂದೆಯೇ ಸಾಕಿದ ಹಕ್ಕಿ. ಸ್ಪೇನಿನವರು 16ನೇ ಶತಮಾನದಲ್ಲಿ ಯುರೋಪಿಗೆ ತಂದರು. ಎಲ್ಲಿಂದ ಬಂತು ಅನ್ನೋದರ ಬಗ್ಗೆ ಎಲ್ಲರಿಗೂ ಗೊಂದಲ. ಇಂಗ್ಲಿಷರು ಟರ್ಕಿ ಅಂದರು. ತುರ್ಕರು 'ಹಿಂದಿ' ಅಂದರು. ಫ್ರೆಂಚರದ್ದು 'ದ್ಯಾಂದ್', ಅಂದರೆ ಇಂಡಿಯಾದ್ದು. ಡಚ್ಚರ 'ಕಾಲ್ಕೂನ್' ನಮ್ಮ ಕಲ್ಲಿಕೋಟೆಯಿಂದ ಬಂದ ಹೆಸರು. ಪೋರ್ಚುಗೀಸರು ಪೆರು ಅಂದರು. ಶಹಾಡ್ ಸ್ಟೇಷನ್ ಹೊರಗೆ ಪೆರು ಕೇಳಿದರೆ ಸೀಬೆಹಣ್ಣು ಕೊಡ್ತಾರೆ, ಅದೂ ಅಮೆರಿಕದಿಂದಲೇ ಬಂದದ್ದು. ಭಾರತದಲ್ಲಿ ಈ ಹಕ್ಕಿಯ ಪ್ರಸಿದ್ಧ ದಾಖಲೆ 1612ರದ್ದು. ಮುಕರ್ರಬ್ ಖಾನ್ ಗೋವಾದಿಂದ ಕೊಂಡು ತಂದ ಅಪರೂಪದ ವಸ್ತುಗಳಲ್ಲಿ ಒಂದು ಟರ್ಕಿಯೂ ಇತ್ತು. ಅದರ ತಲೆ ಕತ್ತು ಗೋಸುಂಬೆಯ ಹಾಗೆ ಬಣ್ಣ ಬದಲಿಸೋದನ್ನು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ಚಿತ್ರಕಾರ ಮನ್ಸೂರ್ ಬರೆದ ಟರ್ಕಿಯ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಬೇರೆ. ಟರ್ಕಿಯ ತವರಲ್ಲಿ ಅದಕ್ಕೆ ಎಂಥ ಗ್ರೇವಿ ಮಾಡ್ತಿದ್ದರು? 16ನೇ ಶತಮಾನದಲ್ಲಿ ಮೆಕ್ಸಿಕೋದಲ್ಲಿದ್ದ ಸಾಹಗುನ್ ಎಂಬ ಪಾದ್ರಿ ಅಲ್ಲಿನ ಜನರ ಊಟವನ್ನೆಲ್ಲ ಬರೆಸಿಟ್ಟಿದ್ದಾನೆ. ಕೆಂಪು ಮೆಣಸಿನಕಾಯಿ, ಟೊಮೆಟೊ, ಅರೆದ ಕುಂಬಳಬೀಜ. ಅರೆಯೋದು ಮೆತಾತೆ ಅನ್ನೋ ಕಲ್ಲಿನ ಮೇಲೆ. ಅವರ ಭಾಷೆಯಲ್ಲಿ ಅಂಥ ಸಾರಿಗೆ ಮೊಲ್ಲಿ ಅಂತ ಹೆಸರು, ಇವತ್ತಿನ ಮೋಲೆ ಅದೇ. ಕುಂದಾಪುರದ ಅಡುಗೆಮನೆಯಿಂದ ಯಾರನ್ನಾದರೂ ಅಲ್ಲಿಗೆ ಕರಕೊಂಡು ಹೋಗಿದ್ದರೆ ಕಲ್ಲಿನ ಮುಂದೆ ಕೂತು ಕೆಲಸ ಶುರು ಮಾಡಿಬಿಡ್ತಿದ್ದರು. ಮೆಣಸಿನಕಾಯಿ ನಮಗೆ ಅಲ್ಲಿಂದಲೇ ಬಂತು ಅನ್ನೋದನ್ನೂ ನೆನಪಿಡಿ.

ಸರಿ, ಎಡಿಸನ್‌ಗೆ ವಾಪಸ್. ತಂಗಿ ಮಾಡಿದ್ದು ಇಷ್ಟು. ಗಂಟಿನ ಸಾರನ್ನು ಸಣ್ಣ ಜರಡಿಯಲ್ಲಿ ಸೋಸಿದಳು. ಗಂಟುಗಳನ್ನು ಒತ್ತಿ ಇಳಿಸೋಕೆ ಹೋದಾಗ ಅಪ್ಪಯ್ಯ ಜೋರಾಗಿ "ಬೇಡ!" ಅಂದರು, ಒತ್ತಿದರೆ ಸಣ್ಣ ಗಂಟಾಗಿ ಮತ್ತೆ ಬರುತ್ತೆ, ಬಿಸಾಡಬೇಕು. ಟರ್ಕಿ ಬೆಂದ ಟ್ರೇಯಲ್ಲಿ ಉಳಿದ ರಸವನ್ನು ಲೋಟಕ್ಕೆ ಬಗ್ಗಿಸಿ ಹತ್ತು ನಿಮಿಷ ಫ್ರೀಜರ್‌ನಲ್ಲಿಟ್ಟಳು, ಕೊಬ್ಬು ಮೇಲೆ ನಿಂತಿತು. ಟ್ರೇಯ ತಳಕ್ಕೆ ಹತ್ತಿದ ಕಂದು ಅಂಟನ್ನು ಬಿಸಿನೀರು ಹಾಕಿ ಕೆರೆದು ತೆಗೆದಳು. ರುಚಿಯ ಅರ್ಧ ಪಾಲು ಅದರಲ್ಲೇ ಇರೋದು, ತೊಳೆಯೋಕೆ ಹಾಕಬೇಡಿ. ಕತ್ತು, ರೆಕ್ಕೆ ತುದಿ ಬೇಯಿಸಿದ ಸಾರು, ಈ ರಸ, ಸೋಸಿದ್ದು ಎಲ್ಲ ಸೇರಿ ಒಂದು ಲೀಟರ್ ಆಯಿತು. ಆಮೇಲೆ ಬಾಣಲೆಯಲ್ಲಿ 60 ಗ್ರಾಂ ಟರ್ಕಿ ಕೊಬ್ಬು, 60 ಗ್ರಾಂ ಮೈದಾ, ಅಂದರೆ ಸುಮಾರು ಅರ್ಧ ಕಪ್. ಸಣ್ಣ ಉರಿ, ಎಂಟು ನಿಮಿಷ. ತುಂಬಾ ಕಪ್ಪು ಮಾಡಿದರೆ ಬಣ್ಣ ಬರುತ್ತೆ, ಆದರೆ ದಪ್ಪ ಮಾಡೋ ಶಕ್ತಿ ಕಮ್ಮಿಯಾಗುತ್ತೆ. ಅಪ್ಪಯ್ಯ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿಸಿಕೊಂಡು ಬಣ್ಣ ನೋಡ್ತಿದ್ದರು. ಗೋಧಿ ಬಣ್ಣ ಬಂದಾಗ ಎಡಗೈ ಎತ್ತಿದರು. ಉಗುರುಬೆಚ್ಚಗಿನ ಸಾರು ಒಂದು ಸೌಟು, ಕೈಯಾಡಿಸು, ಮುದ್ದೆಯಾಯಿತು. ಇನ್ನೊಂದು ಸೌಟು, ಸಡಿಲಾಯಿತು. ಪೂರ್ತಿ ಹೋದ ಮೇಲೆ ಹದಿನೈದು ನಿಮಿಷ ಸಣ್ಣಗೆ ಕುದಿ. ಮತ್ತೊಮ್ಮೆ ಸೋಸು. ಬೇಕಾದ್ದಕ್ಕಿಂತ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸು, ಆರಿದಾಗ ದಪ್ಪ ಆಗುತ್ತೆ. ಉಪ್ಪು ಕೊನೆಗೆ ಮಾತ್ರ. ಉಪ್ಪುನೀರಲ್ಲಿ ನೆನೆಸಿದ ಟರ್ಕಿಯಾದರೆ ರಸದಲ್ಲೇ ಉಪ್ಪಿರುತ್ತೆ.

"ಹುಳಿ?" ಅಂದರು ಅಪ್ಪಯ್ಯ. ಕಢಿಯ ನೆನಪು. ತಂಗಿ ನಾಲ್ಕು ಹನಿ ನಿಂಬೆ ಹಿಂಡಿದಳು.

ಶಹಾಡ್‌ನಲ್ಲಿ ಟರ್ಕಿ ಎಲ್ಲಿ ಹುಡುಕೋದು ಅಂತೀರಾ? ಹುಡುಕಬೇಡಿ. ಮುಂದಿನ ಭಾನುವಾರ ನಾನು ಇದನ್ನೇ ಕೋಳಿಯಲ್ಲಿ ಮಾಡಿದೆ. ಅಂಗಡಿಯವನು ಸುಮ್ಮನೆ ಕೊಡೋ ಕತ್ತು, ಬೆನ್ನು, ಕಾಲು ತಂದು, ಓವನ್ ಇಲ್ಲದ್ದರಿಂದ ಕಬ್ಬಿಣದ ಬಾಣಲೆಯಲ್ಲೇ ಚೆನ್ನಾಗಿ ಕಂದು ಬರೋವರೆಗೆ ಹುರಿದು, ಎರಡು ಗಂಟೆ ನೀರಲ್ಲಿ ಕುದಿಸಿದೆ. ಕೋಳಿ ಕಾಲಿನಲ್ಲಿ ಅಂಟು ಜಾಸ್ತಿ, ಗ್ರೇವಿ ತುಟಿಗೆ ಹತ್ತಿಕೊಳ್ಳುವಷ್ಟು ಗಾಢವಾಗುತ್ತೆ. ಸ್ಟ್ರೋಕ್ ಆದ ಮೇಲೆ ಅಪ್ಪಯ್ಯನಿಗೆ ನುಂಗೋದು ಕಷ್ಟ, ನೀರಿನಂಥದ್ದು ನೆತ್ತಿಗೆ ಹತ್ತುತ್ತೆ, ಗಂಟು ಸಿಕ್ಕಿದರೆ ಕೆಮ್ಮು. ಮೆತ್ತಗೆ ಕಿವುಚಿದ ಅನ್ನಕ್ಕೆ ಇದನ್ನು ಕಲಸಿ ಕೊಟ್ಟೆ. ತಟ್ಟೆ ಖಾಲಿಯಾಯಿತು.

ಆ ರಾತ್ರಿ ಕಾಲ್ ಕಟ್ ಮಾಡೋ ಮೊದಲು ತಂಗಿ ಫೋನನ್ನು ಊಟದ ಮೇಜಿನ ಕಡೆ ತಿರುಗಿಸಿದಳು. ಎಲ್ಲರೂ ಕೂತಿದ್ದರು, ಅವಳ ಅತ್ತೆ ಮಾವ ಎದುರಿಗೇ. ಇಂಗ್ಲಿಷ್‌ನಲ್ಲಿ ಹೇಳಿದಳು: ಇವರು ನಮ್ಮ ತಂದೆ, ಮುಂಬೈ ಹೋಟೆಲ್‌ನಲ್ಲಿ ಮೂವತ್ತಮೂರು ವರ್ಷ ಅಡುಗೆ ಮಾಡಿದವರು, ಈ ಗ್ರೇವಿ ಅವರದ್ದು. ಅವಳ ಮಾವ ಎದ್ದು ನಿಂತು ಪರದೆಗೆ ಕೈ ಮುಗಿದರು. ಅಪ್ಪಯ್ಯನಿಗೆ ಅಷ್ಟು ದೂರದ ಮುಖಗಳು ಸರಿಯಾಗಿ ಕಾಣಿಸ್ತಿರಲಿಲ್ಲ. ಎಡಗೈ ಎತ್ತಿ ಹಣೆಗೆ ಮುಟ್ಟಿಸಿಕೊಂಡು, ನನ್ನ ಕಡೆ ತಿರುಗಿ ಕೇಳಿದರು:

"ಉಪ್ಪ್ ಸಮ ಆಯ್ತಂತಾ?"